ತಿರುವು ಮೊದಲು, ಎಂಜಿನ್ ಆಮೇಲೆ

ಹಿತ್ತಲಲ್ಲೋ ತೋಟದಲ್ಲೋ ಪುಟ್ಟ ರೈಲುಹಾದಿ ಹಾಕಬೇಕೆನ್ನುವವರ ಮುಂದೆ ಮೊದಲು ಬಂದು ನಿಲ್ಲುವ ಪ್ರಶ್ನೆ ತಿರುವಿನದು. ನೇರ ಹಳಿಯನ್ನು ಜಾಗ ಮುಗಿಯುವವರೆಗೆ ಹಾಕುತ್ತ ಹೋಗಬಹುದು; ಜಾಗ ಮುಗಿದಲ್ಲಿ ರೈಲು ತಿರುಗಲೇಬೇಕು. ಎಷ್ಟು ಅಗಲದಲ್ಲಿ ತಿರುಗುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಬಹಳ ಸರಳ: ನಿಜವಾದ ರೈಲಿನ ತಿರುವನ್ನು ಅಳೆದು, ಮಾದರಿ ಎಷ್ಟು ಪಟ್ಟು ಚಿಕ್ಕದೋ ಅಷ್ಟರಿಂದ ಭಾಗಿಸಿದರಾಯಿತು. ಲೆಕ್ಕ ಹಾಕಿ ನೋಡೋಣ. ಭಾರತೀಯ ರೈಲ್ವೆಯ ನಿಯಮದಂತೆ ಮೀಟರ್ ಗೇಜ್ ಹಾದಿಯಲ್ಲಿ 16 ಡಿಗ್ರಿಗಿಂತ ಬಿಗಿಯಾದ ತಿರುವು ಇರಕೂಡದು. 1750ನ್ನು ಡಿಗ್ರಿಯಿಂದ ಭಾಗಿಸಿದರೆ ತ್ರಿಜ್ಯ ಮೀಟರಿನಲ್ಲಿ ಸಿಗುತ್ತದೆ. ಇಲ್ಲಿ ಅದು ಸುಮಾರು 109 ಮೀಟರ್. ತೋಟದ ರೈಲುಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವುದು 45 ಮಿ.ಮೀ. ಅಗಲದ ಹಳಿ. 1:22.5ರ ಪ್ರಮಾಣದಲ್ಲಿ ನೋಡಿದರೆ ಅದು ಮೀಟರ್ ಗೇಜಿನದೇ ಕಿರಿದಾದ ರೂಪ, ಒಂದು ಕಾಲಕ್ಕೆ ಮೈಸೂರು ಸೀಮೆಯ ಬಹುಪಾಲು ಹಳಿಗಳಿಗಿದ್ದ ಅಳತೆ. 109ನ್ನು 22.5ರಿಂದ ಭಾಗಿಸಿದರೆ 4.84 ಮೀಟರ್ ತ್ರಿಜ್ಯ, ಅಂದರೆ 9.7 ಮೀಟರ್ ವ್ಯಾಸ. ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿನ ಅಗಲ 9.1 ಮೀಟರ್. ಮನೆಯನ್ನೇ ಕಟ್ಟದೆ ಸೈಟನ್ನು ಖಾಲಿ ಬಿಟ್ಟರೂ ಆ ರೈಲು ಅದರಲ್ಲಿ ಒಂದು ಸುತ್ತು ಬರಲಾರದು.

ಹೀಗಿದ್ದೂ ಜಗತ್ತಿನ ಎಷ್ಟೋ ಪುಟ್ಟ ಅಂಗಳಗಳಲ್ಲಿ ಇದೇ 45 ಮಿ.ಮೀ. ಹಳಿಯ ಮೇಲೆ ರೈಲುಗಳು ಒಂದೂಕಾಲು ಮೀಟರ್ ವ್ಯಾಸದ ವೃತ್ತದಲ್ಲಿ ನಿರಾಯಾಸವಾಗಿ ಸುತ್ತುತ್ತಿವೆ. ಭಾಗಾಕಾರದ ಸೂತ್ರವನ್ನು ಅಲ್ಲಿ ಯಾರೂ ಪಾಲಿಸಿಲ್ಲ. ಇದನ್ನು ಆಟಿಕೆಯವರ ಅಡ್ಡದಾರಿ ಎಂದು ತಳ್ಳಿಹಾಕುವವರಿದ್ದಾರೆ. ಪುಟ್ಟ ರೈಲುಗಳ ಒಂದೂವರೆ ಶತಮಾನದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ ಎಂಬುದು ನನ್ನ ವಾದ. ಈ ಚರಿತ್ರೆಯಲ್ಲಿ ತಿರುವು ಎಂದೂ ದೊಡ್ಡ ರೈಲಿನ ತಿರುವಿನ ನಕಲಾಗಿರಲಿಲ್ಲ. ನೆಲವೋ, ಮನೆಯ ಕೋಣೆಯೋ, ಅಂಗಡಿಯ ಪೆಟ್ಟಿಗೆಯೋ ತಿರುವನ್ನು ಮೊದಲೇ ನಿಶ್ಚಯಿಸಿತು. ಎಂಜಿನ್ನು, ಬೋಗಿಗಳು ಅದಕ್ಕೆ ಹೊಂದಿಕೊಂಡು ಹುಟ್ಟಿದವು. ತಿರುವಿನ ಬಿಗಿಯನ್ನು ಹೋಲಿಸಲು ಒಂದು ಸುಲಭದ ಅಳತೆಯುಂಟು: ತ್ರಿಜ್ಯ ಹಳಿಗಳ ನಡುವಿನ ಅಂತರದ ಎಷ್ಟು ಪಟ್ಟು ಎಂದು ನೋಡುವುದು. ನಮ್ಮ ಬ್ರಾಡ್ ಗೇಜಿನಲ್ಲಿ ಅತಿ ಬಿಗಿಯ ತಿರುವು 175 ಮೀಟರಿನದು, ಎಂದರೆ 104 ಪಟ್ಟು. ಮೀಟರ್ ಗೇಜಿನಲ್ಲಿ 109. ಎರಡೂವರೆ ಅಡಿಯ ನ್ಯಾರೋ ಗೇಜಿನಲ್ಲಿ 44 ಮೀಟರಿಗೆ ಅವಕಾಶವಿರುವುದರಿಂದ 58. ಡಾರ್ಜಿಲಿಂಗ್ ರೈಲಿನ ‘ಅಗೊನಿ ಪಾಯಿಂಟ್’ ಎಂಬಲ್ಲಿ ತ್ರಿಜ್ಯ 60 ಅಡಿಯ ಆಸುಪಾಸು, ಹಳಿ ಎರಡಡಿಯದು. ಅದು 30 ಪಟ್ಟು. ಇಲ್ಲಿಂದ ಕೆಳಗಿನದೆಲ್ಲ ತೋಟದ ಸೀಮೆ.

ಆ ಸೀಮೆಗೆ ಮೊದಲು ಗಂಭೀರವಾಗಿ ಕಾಲಿಟ್ಟವರು ಇಂಗ್ಲೆಂಡಿನ ಸರ್ ಆರ್ಥರ್ ಪರ್ಸಿವಲ್ ಹೇವುಡ್ (1849–1916). ಚರ್ಚ್ ಗಂಟೆ ಬಾರಿಸುವವರ ಕೇಂದ್ರ ಮಂಡಳಿಯನ್ನು 1891ರಲ್ಲಿ ಹುಟ್ಟುಹಾಕಿದವರೂ ಇವರೇ. ಎರಡು ಗೀಳುಗಳಲ್ಲಿ ಯಾವುದು ನೆರೆಹೊರೆಯವರಿಗೆ ಹೆಚ್ಚು ಕೇಳಿಸುತ್ತಿತ್ತೋ. ಡಾರ್ಬಿಶೈರಿನ ಡಫೀಲ್ಡ್ ಬ್ಯಾಂಕ್ ಎಂಬ ಅವರ ಮನೆ ಗುಡ್ಡದ ಇಳಿಜಾರಿನಲ್ಲಿತ್ತು, ಹಿಂದೆ ಹಳೆಯ ಕಲ್ಲುಗಣಿಗಳಿದ್ದವು. ಮೊದಲು 9 ಅಂಗುಲದ ಹಳಿಯನ್ನು ಪ್ರಯೋಗಿಸಿ ನೋಡಿ, ಅದರ ಮೇಲೆ ಜನ ಕೂತರೆ ಬೋಗಿ ಸ್ಥಿರವಾಗಿ ನಿಲ್ಲುವುದಿಲ್ಲವೆಂದು ಕಂಡು, 1874ರಿಂದ 15 ಅಂಗುಲದ ಹಾದಿ ಕಟ್ಟತೊಡಗಿದರು. ದೊಡ್ಡ ಎಸ್ಟೇಟುಗಳಿಗೆ, ಗಣಿಗಳಿಗೆ, ದಂಡಿನ ಸಾಗಣೆಗೆ ಒದಗುವ ಅತಿ ಅಗ್ಗದ, ಅತಿ ಕಿರಿದಾದ ರೈಲು ಯಾವುದು ಎಂಬುದು ಅವರ ಪ್ರಶ್ನೆ. ಆಟಿಕೆ ಎನಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಆದರೂ ಸುಮಾರು ಒಂದು ಮೈಲಿಯ ಆ ಹಾದಿಯಲ್ಲಿ ಊಟದ ಬೋಗಿ, ಮಲಗುವ ಬೋಗಿ ಎರಡನ್ನೂ ಓಡಿಸಿದರು. ಗುಡ್ಡ ಇದ್ದಂತೆಯೇ ಇರಬೇಕು, ಮಣ್ಣು ಕಡಿಯುವ ಖರ್ಚು ಕೂಡದು ಎಂದಮೇಲೆ ಹಾದಿ ಗುಡ್ಡದ ಮೈಗೆ ಅಂಟಿಕೊಂಡೇ ಸಾಗಬೇಕಾಯಿತು. ಏರು ಕೆಲವೆಡೆ ಹತ್ತಕ್ಕೆ ಒಂದರಷ್ಟು ಕಡಿದಾಯಿತು, ತಿರುವಿನ ತ್ರಿಜ್ಯ 25 ಅಡಿಗೆ ಇಳಿಯಿತು. ಹಳಿಯ ಅಗಲದ ಬರೀ 20 ಪಟ್ಟು.

ಇಲ್ಲಿ ಹೇವುಡ್ ಎರಡು ಕಡೆಯಿಂದ ಸಿಕ್ಕಿಬಿದ್ದರು. ಕಡಿದಾದ ಏರನ್ನು ಹತ್ತಲು ಎಂಜಿನ್ನಿನ ಇಡೀ ಭಾರ ಎಳೆಯುವ ಚಕ್ರಗಳ ಮೇಲೇ ಬೀಳಬೇಕು. ಹಗುರ ಹಳಿ ತಡೆಯಬೇಕಾದರೆ ಆ ಭಾರ ಹೆಚ್ಚು ಚಕ್ರಗಳಿಗೆ ಹಂಚಿಹೋಗಬೇಕು. ಆದರೆ ಒಂದೇ ಚೌಕಟ್ಟಿನಲ್ಲಿ ನಾಲ್ಕು ಅಚ್ಚುಗಳನ್ನು ಬಿಗಿಯಾಗಿ ಕೂರಿಸಿದ ಎಂಜಿನ್ 25 ಅಡಿಯ ತಿರುವಿಗೆ ಹೊಕ್ಕರೆ ಚಕ್ರದ ಅಂಚುಗಳು ಹಳಿಗೆ ಕಚ್ಚಿಕೊಂಡು ನಿಲ್ಲುತ್ತವೆ, ಇಲ್ಲವೇ ಹಳಿಯನ್ನು ಹತ್ತಿ ಕೆಳಗಿಳಿಯುತ್ತವೆ. ತಿರುವನ್ನು ಸಡಿಲಿಸುವುದು ಸಾಧ್ಯವಿಲ್ಲದ್ದರಿಂದ ಅವರು ಅಚ್ಚನ್ನೇ ಎರಡಾಗಿ ಬಿಡಿಸಿದರು. ಸರಳುಗಳು ತಿರುಗಿಸುವ ಅಚ್ಚು ಹೊರಚೌಕಟ್ಟಿನಲ್ಲಿ ನೆಟ್ಟಗೆ ನಿಲ್ಲುತ್ತದೆ; ಅದರ ಸುತ್ತ ಒಂದು ಟೊಳ್ಳು ಕೊಳವೆ, ಚಕ್ರಗಳು ಕೂತಿರುವುದು ಆ ಕೊಳವೆಯ ಮೇಲೆ. ತುದಿಯ ಅಚ್ಚುಗಳ ಕೊಳವೆ ನಡುವಿನ ಕೀಲಿನ ಮೇಲೆ ಓರೆಯಾಗಿ ಹೊರಳಿ ತಿರುವಿನ ಕೇಂದ್ರದತ್ತ ಮುಖಮಾಡುತ್ತದೆ, ನಡುವಿನವು ಅಡ್ಡಕ್ಕೆ ಸರಿಯುತ್ತವೆ. ಹೀಗೆ 1881ರಲ್ಲಿ ಆರು ಚಕ್ರದ ‘ಎಲ್ಲಾ’, 1894ರಲ್ಲಿ ಎಂಟು ಚಕ್ರದ ‘ಮ್ಯೂರಿಯಲ್’ ಎಂಬ ಎಂಜಿನ್‌ಗಳು ಅವರ ಮನೆಯ ಕಾರ್ಯಾಗಾರದಿಂದಲೇ ಹೊರಬಂದವು. ದಂಡಿನವರು ಒಲಿಯಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಡ್ಯೂಕರು ಮಾತ್ರ 1896ರಲ್ಲಿ ತಮ್ಮ ಈಟನ್ ಹಾಲ್ ಎಸ್ಟೇಟಿಗೆ ಕಲ್ಲಿದ್ದಲು, ಸಾಮಾನು ತರಲು ಇಂಥದೊಂದು ಹಾದಿಯನ್ನು ಹಾಕಿಸಿಕೊಂಡರು. ಕೈಗಾರಿಕೆಯ ಲೆಕ್ಕದಲ್ಲಿ ಇದು ಸೋಲೇ. ಆದರೆ ಪುಟ್ಟ ರೈಲಿನ ಯೋಜನೆಯ ಕ್ರಮವನ್ನು, ಮೊದಲು ನೆಲ, ಆಮೇಲೆ ತಿರುವು, ಕೊನೆಗೆ ಎಂಜಿನ್ ಎಂಬುದನ್ನು, ಇಷ್ಟು ನಿಷ್ಠುರವಾಗಿ ಪಾಲಿಸಿದವರು ಅವರಿಗೆ ಮುಂಚೆ ಯಾರೂ ನನಗೆ ಕಾಣುವುದಿಲ್ಲ.

ಇಷ್ಟು ಬಿಗಿಯ ತಿರುವಿನಲ್ಲಿ ರೈಲು ಹೊರಕ್ಕೆ ಮಗುಚಿ ಬೀಳುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ಇನ್ನೊಬ್ಬ ಇಂಗ್ಲಿಷ್ ಎಂಜಿನಿಯರ್ ವಿಲಿಯಂ ಫ್ರೂಡ್ (1810–1879) ಅವರ ಬಳಿ ಹೋಗಬೇಕು. ರೈಲ್ವೆ ಎಂಜಿನಿಯರ್ ಬ್ರೂನೆಲ್ ಕೈಕೆಳಗೆ ಬ್ರಿಸ್ಟಲ್–ಎಕ್ಸೆಟರ್ ಹಾದಿಯಲ್ಲಿ ದುಡಿದ ಫ್ರೂಡ್, ನೇರ ಹಳಿಯಿಂದ ತಿರುವಿಗೆ ಒಮ್ಮೆಲೇ ಹೊರಳದೆ ಬಾಗನ್ನು ಮೆಲ್ಲಮೆಲ್ಲಗೆ ಹೆಚ್ಚಿಸುತ್ತ ಹೋಗುವ ಜೋಡಣೆಯ ತಿರುವನ್ನು ಬಳಕೆಗೆ ತಂದವರಲ್ಲಿ ಒಬ್ಬರು. ಅದೇ ಫ್ರೂಡ್ ಮುಂದೆ ಹಡಗುಗಳ ಕಡೆ ತಿರುಗಿ, 1870ರ ದಶಕದಲ್ಲಿ ಟಾರ್ಕಿಯ ನೀರಿನ ತೊಟ್ಟಿಯಲ್ಲಿ ಮಾದರಿಗಳನ್ನು ಎಳೆದು ನೋಡಿ, ಮಾದರಿಯ ವೇಗವನ್ನು ಉದ್ದದಷ್ಟೇ ಪಟ್ಟು ಇಳಿಸಿದರೆ ಹೋಲಿಕೆ ಸಿಗುವುದಿಲ್ಲ, ಉದ್ದದ ವರ್ಗಮೂಲದಷ್ಟು ಇಳಿಸಬೇಕು ಎಂದು ತೋರಿಸಿದರು. ಆ ನಿಯಮದ ಬುಡದಲ್ಲಿರುವ ಅನುಪಾತ, ವೇಗದ ವರ್ಗವನ್ನು ಉದ್ದದಿಂದಲೂ ಗುರುತ್ವದಿಂದಲೂ ಭಾಗಿಸಿದ್ದು, ತಿರುವಿನಲ್ಲಿ ರೈಲನ್ನು ಹೊರಕ್ಕೆ ತಳ್ಳುವ ಬಲದ ಲೆಕ್ಕವೂ ಹೌದು. ಉದ್ದದ ಬದಲು ತ್ರಿಜ್ಯ ಹಾಕಿದರೆ ಸಾಕು. ಗಂಟೆಗೆ 40 ಕಿ.ಮೀ. ವೇಗದ ಮೀಟರ್ ಗೇಜ್ ರೈಲಿನ ಮೇಲೆ 109 ಮೀಟರಿನ ತಿರುವಿನಲ್ಲಿ ಬೀಳುವ ಹೊರದೂಡುವಿಕೆ ಅದರ ತೂಕದ ನೂರಕ್ಕೆ 11ರಿಂದ 12ರಷ್ಟು. ತೋಟದ ಮಾದರಿ ವರ್ಗಮೂಲದ ಗೊಡವೆಗೆ ಹೋಗದೆ ಈ ವೇಗವನ್ನು ನೇರವಾಗಿ 22.5ರಿಂದಲೇ ಭಾಗಿಸಿ ಸೆಕೆಂಡಿಗೆ ಅರ್ಧ ಮೀಟರಿನಂತೆ ಓಡುತ್ತದೆ. ಅದನ್ನು 600 ಮಿ.ಮೀ. ತ್ರಿಜ್ಯದ ತಿರುವಿಗೆ ಬಿಟ್ಟರೂ ಹೊರದೂಡುವಿಕೆ ತೂಕದ ನೂರಕ್ಕೆ 4ರಷ್ಟೇ, ದೊಡ್ಡ ರೈಲು ತನ್ನ ಕಾನೂನುಬದ್ಧ ತಿರುವಿನಲ್ಲಿ ಅನುಭವಿಸುವುದರ ಮೂರನೇ ಒಂದು ಭಾಗ. ಹಾಗಾದರೆ ಪುಟ್ಟ ರೈಲುಗಳು ತಿರುವಿನಲ್ಲಿ ಉರುಳಿಬೀಳುವುದನ್ನು ನಾವು ಕಾಣುವುದಿಲ್ಲವೇ? ಕಾಣುತ್ತೇವೆ, ಏಕೆಂದರೆ ಓಡಿಸುವವರು ವೇಗದ ತಿರುಪನ್ನು ಪೂರ್ತಿ ತಿರುಗಿಸುತ್ತಾರೆ. ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಅದು ಓಡಿಸುವ ಕೈಯ ತಪ್ಪು, ತಿರುವನ್ನು ದೂರುವಂತಿಲ್ಲ.

ಆದ್ದರಿಂದ ತೋಟದ ತಿರುವಿಗೆ ಮಿತಿ ಹಾಕುವುದು ಚಕ್ರಗಳ ನಡುವಿನ ದೂರ, ಬೋಗಿಯ ಉದ್ದ, ಕೊಂಡಿಯ ಓಲಾಟ. ಈ ಮಿತಿಯೊಳಗೆ ಎಷ್ಟು ದೂರ ಹೋಗಬಹುದೆಂದು ಕಂಡುಕೊಂಡದ್ದು ಪೆಟ್ಟಿಗೆಯಲ್ಲಿಟ್ಟು ಮಾರುವ ವ್ಯಾಪಾರಿಗಳು. ಜರ್ಮನಿಯ ಗೋಪಿಂಗೆನ್ನಿನ ಮಾರ್ಕ್ಲಿನ್ ಸಂಸ್ಥೆ 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನು ತುಂಡು ಹಳಿಗಳೊಂದಿಗೆ ಮುಂದಿಟ್ಟಿತು. ರೈಲನ್ನು ಕೊಂಡವರು ನೇರ ತುಂಡು, ಬಾಗಿದ ತುಂಡುಗಳನ್ನು ಬೇಕಾದಂತೆ ಜೋಡಿಸಿ, ಮುಂದಿನ ವರ್ಷ ಇನ್ನಷ್ಟು ಕೊಂಡು ಬೆಳೆಸಬಹುದಿತ್ತು. ನಿಜವಾದ ರೈಲೇ ಅಷ್ಟರಲ್ಲಿ ಈ ದಾರಿ ಹಿಡಿದಿತ್ತು ಎಂಬುದು ಕುತೂಹಲದ ಸಂಗತಿ. ಫ್ರಾನ್ಸಿನ ಡೆಕೊವಿಲ್ ಕಾರ್ಖಾನೆಯವರು ಸ್ಲೀಪರ್ ಸಮೇತ ಬೆಸೆದ ನೇರ ಮತ್ತು ಬಾಗು ಹಳಿತುಂಡುಗಳನ್ನು ಬೀಟ್‌ರೂಟ್ ಹೊಲಗಳಿಗೂ ತೋಟಗಳಿಗೂ ಮಾರುತ್ತಿದ್ದರು. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ 60 ಸೆಂ.ಮೀ. ಹಾದಿ 60 ಲಕ್ಷಕ್ಕೂ ಹೆಚ್ಚು ಜನರನ್ನು ಹೊತ್ತಿತು, ಎಳೆದವುಗಳಲ್ಲಿ ನಡುವೆ ಕೀಲಿರುವ ಮ್ಯಾಲೆ ಎಂಜಿನ್‌ಗಳೂ ಇದ್ದವು. ತಿರುವು ಕಾರ್ಖಾನೆಯಲ್ಲೇ ಬಾಗಿಸಿ ಬರುವ ವಸ್ತುವಾದ ಕ್ಷಣದಿಂದ ಅದರ ತ್ರಿಜ್ಯ ಕೊಳ್ಳುವವರ ಇಷ್ಟಕ್ಕೆ ಬಿಟ್ಟದ್ದಾಗಿ ಉಳಿಯಲಿಲ್ಲ. ಆ ತುಂಡನ್ನು ದಾಟಲಾರದ ಎಂಜಿನ್ ಎಷ್ಟು ಚೆಂದವಿದ್ದರೂ ಮಾರಾಟವಾಗುವಂತಿರಲಿಲ್ಲ.

ಈ ತರ್ಕ ಪೂರ್ತಿ ಬಿಚ್ಚಿಕೊಂಡದ್ದು 1968ರಲ್ಲಿ. ನ್ಯೂರೆಂಬರ್ಗಿನ ಲೇಮಾನ್ ಕಾರ್ಖಾನೆಯ ರಿಕ್ಟರ್ ಸಹೋದರರು ಆ ವರ್ಷದ ಆಟಿಕೆ ಮೇಳಕ್ಕೆ ಎಲ್‌ಜಿಬಿ ಎಂಬ ಹೆಸರಿನಲ್ಲಿ ಮಳೆಬಿಸಿಲಿಗೆ ತಡೆದುಕೊಳ್ಳುವ ದೊಡ್ಡ ಗಾತ್ರದ ರೈಲನ್ನು ತಂದರು. ಮಾರ್ಕ್ಲಿನ್ ಕಾಲದ ಹಳೆಯ 45 ಮಿ.ಮೀ. ಹಳಿಯನ್ನೇ ಎತ್ತಿಕೊಂಡು, ಆರ್1 ಎಂಬ ಮೂಲ ತಿರುವನ್ನು 600 ಮಿ.ಮೀ. ತ್ರಿಜ್ಯಕ್ಕೆ ನಿಲ್ಲಿಸಿದರು. ಹನ್ನೆರಡು ತುಂಡು ಸೇರಿದರೆ ಒಂದು ವೃತ್ತ. ಒಂದೊಂದು ತುಂಡು ಸುಮಾರು 31 ಸೆಂ.ಮೀ. ಬಾಗು, ಜೊತೆಗೆ ಬರುವ ನೇರ ತುಂಡು 30 ಸೆಂ.ಮೀ., ಎರಡೂ ಒಂದೇ ಪೆಟ್ಟಿಗೆಯಲ್ಲಿ ಮಲಗುತ್ತವೆ. ತ್ರಿಜ್ಯ ಹಳಿಯ ಅಗಲದ ಬರೀ 13 ಪಟ್ಟು. ನಿಜದ ಅಳತೆಗೆ ಹಿಗ್ಗಿಸಿದರೆ 13.5 ಮೀಟರ್, ಹೆಚ್ಚುಕಡಿಮೆ ಸಿಟಿ ಬಸ್ಸು ಯೂ-ಟರ್ನ್ ಹೊಡೆಯುವಷ್ಟು ಜಾಗದಲ್ಲಿ ಉಗಿಬಂಡಿಯನ್ನು ತಿರುಗಿಸಿದ ಹಾಗೆ. ತಿರುವು ಹೀಗೆ ನಿಂತಮೇಲೆ ಅದಕ್ಕೆ ಹೊಂದುವ ರೈಲು ಹುಡುಕುವುದು ಉಳಿಯಿತು. ಮುಖ್ಯ ಮಾರ್ಗಗಳ ಉದ್ದುದ್ದ ಎಂಜಿನ್‌ಗಳನ್ನು ಬಿಟ್ಟು ಅವರು ಮಧ್ಯ ಯುರೋಪಿನ ಬೆಟ್ಟಸಾಲಿನ ಕಿರುಹಾದಿಗಳತ್ತ ಕೈಚಾಚಿದರು. ಮೊದಲ ಎಂಜಿನ್ ‘ಸ್ಟೈನ್ಜ್’ ನಾಲ್ಕೇ ಚಕ್ರದ ಮೋಟು ಗಾಡಿ, ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದಲ್ಲಿ ಓಡುತ್ತಿದ್ದ, 1892ರ ಕ್ರೌಸ್ ಕಂಪನಿಯ ಎಂಜಿನ್ನಿನ ರೂಪ. ಗಮನಿಸಬೇಕಾದದ್ದೇನೆಂದರೆ, ಆ ಮೂಲ ಎಂಜಿನ್ ಓಡುತ್ತಿದ್ದದ್ದು 760 ಮಿ.ಮೀ. ಹಳಿಯ ಮೇಲೆ. 1:22.5ರಲ್ಲಿ ಅದಕ್ಕೆ 34 ಮಿ.ಮೀ. ಹಳಿ ಬೇಕು, ಕೂರಿಸಿದ್ದು 45ರ ಮೇಲೆ. ಮೂಲದ ಹಳಿಯ ಅಗಲಕ್ಕೇ ನಿಷ್ಠೆ ತೋರಿಸದವರು ಅದರ ತಿರುವಿಗೆ ತೋರಿಸುತ್ತಾರೆಂದು ನಿರೀಕ್ಷಿಸುವುದು ತಪ್ಪು. ಮುಂದೆ ಸ್ವಿಟ್ಜರ್‌ಲೆಂಡಿನ ರೇಶಿಯನ್ ರೈಲ್ವೆಯ ‘ಮೊಸಳೆ’ ಎಂಜಿನ್ನನ್ನು ಅವರು ಆರಿಸಿಕೊಂಡದ್ದರ ಹಿಂದೆಯೂ ಇದೇ ಲೆಕ್ಕ ಕಾಣುತ್ತದೆ. ಅದು ಉದ್ದವೇ ಸರಿ, ಆದರೆ ಮೂಲದಲ್ಲೇ ಮೂರು ಭಾಗವಾಗಿ ಕೀಲಿನ ಮೇಲೆ ಮುರಿಯುವಂಥದ್ದು.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಹೆನ್ರಿ ಗ್ರೀನ್ಲಿ (1876–1947) ಮತ್ತು ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಸಂಸ್ಥೆ ಹೇವುಡ್‌ರ 15 ಅಂಗುಲದ ಹಳಿಯನ್ನೇ ತೆಗೆದುಕೊಂಡು, ಅದರ ಮೇಲೆ ಮುಖ್ಯ ಮಾರ್ಗದ ಎಕ್ಸ್‌ಪ್ರೆಸ್ ಎಂಜಿನ್‌ಗಳ ತದ್ರೂಪಗಳನ್ನು ಓಡಿಸಿದರು. 1905ರ ‘ಲಿಟಲ್ ಜೈಂಟ್’ನಿಂದ 1927ರ ರಾಮ್ನಿ, ಹೈತ್ ಮತ್ತು ಡಿಮ್‌ಚರ್ಚ್ ರೈಲ್ವೆಯವರೆಗೆ ಈ ಪರಂಪರೆ ಗೆದ್ದಿತು, ಜನಪ್ರಿಯವೂ ಆಯಿತು. ಇಲ್ಲಿ ಎಂಜಿನ್ನಿನ ಚೆಲುವೇ ಮೊದಲು, ತಿರುವು ಆಮೇಲೆ ಅಲ್ಲವೇ? ಹೌದು. ಆದರೆ ಆ ಹಾದಿಗಳು ಎಲ್ಲೆಲ್ಲಿ ಹಾಸಿವೆ ಎಂದು ನೋಡಬೇಕು. ಬ್ಲ್ಯಾಕ್‌ಪೂಲಿನ ಕಡಲದಂಡೆ, ರಿಲ್ ಊರಿನ ಕೆರೆಯ ಸುತ್ತ, ಕೆಂಟ್ ಕರಾವಳಿಯ ಚಪ್ಪಟೆ ಜೌಗುನೆಲ. ಉದ್ದನೆಯ ಎಂಜಿನ್ ಬೇಕೆಂದವರು ಅದಕ್ಕೆ ತಕ್ಕ ತಿರುವಿಗಾಗಿ ಮನೆಯ ತೋಟವನ್ನು ಬಿಟ್ಟು ಸಮತಟ್ಟು ನೆಲ ಹುಡುಕಿಕೊಂಡು ಹೋಗಬೇಕಾಯಿತು. ಕಂಬರ್ಲೆಂಡಿನ ಕಣಿವೆಯಲ್ಲಿರುವ ರೇವನ್‌ಗ್ಲಾಸ್–ಎಸ್ಕ್‌ಡೇಲ್ ಹಾದಿಯನ್ನು ಇದೇ ಬಳಗ 1915ರಿಂದ 15 ಅಂಗುಲಕ್ಕೆ ಮಾರ್ಪಡಿಸಿದಾಗ, ಏರುತಗ್ಗಿನ ಆ ದಾರಿಯಲ್ಲಿ ದುಡಿಯಲು ಹೇವುಡ್ ಕಟ್ಟಿದ ಎಂಜಿನ್‌ಗಳನ್ನೂ ತರಿಸಿಕೊಳ್ಳಬೇಕಾಯಿತು. ‘ಮ್ಯೂರಿಯಲ್’ ಅಲ್ಲೇ 1927ರಲ್ಲಿ ‘ರಿವರ್ ಇರ್ಟ್’ ಎಂಬ ಹೆಸರಿನಲ್ಲಿ ಮರುರೂಪ ಪಡೆಯಿತು. ಗ್ರೀನ್ಲಿಯ ಪರಂಪರೆ ನನ್ನ ವಾದವನ್ನು ಮುರಿಯುವುದಿಲ್ಲ, ಆ ಕ್ರಮವನ್ನು ಮೀರುವುದರ ಬೆಲೆ ಎಷ್ಟೆಂದು ತೋರಿಸುತ್ತದೆ: ಎಂಜಿನ್ನನ್ನು ಮೊದಲು ಆರಿಸಿಕೊಳ್ಳಬಹುದು, ನೆಲವನ್ನು ಆಮೇಲೆ ಕೊಳ್ಳುವಷ್ಟು ಹಣವಿದ್ದರೆ.

ಇನ್ನೊಂದು ಆಕ್ಷೇಪ, ಇದು ಪುಟ್ಟ ರೈಲಿನ ವಿಶೇಷವೇನೂ ಅಲ್ಲ ಎಂಬುದು. ಬೆಟ್ಟದ ರೈಲುಗಳಲ್ಲೂ ತಿರುವೇ ಮೊದಲು; ಡಾರ್ಜಿಲಿಂಗಿನಲ್ಲಿ ಬಂಡಿರಸ್ತೆಯ ಅಂಚನ್ನು ಹಿಡಿದು ಹಳಿ ಹಾಕಿ, 1889ರಿಂದ ನಾಲ್ಕೇ ಚಕ್ರದ ಬಿ-ವರ್ಗದ ಎಂಜಿನ್‌ಗಳನ್ನು ಅದಕ್ಕೆ ತಕ್ಕಂತೆ ಮಾಡಿಸಲಿಲ್ಲವೇ? ಒಪ್ಪತಕ್ಕ ಮಾತು. ವೈಸರಾಯ್ ಲಾರ್ಡ್ ಮೇಯೋ ಕಾಲದಲ್ಲಿ, 1870ರಲ್ಲಿ, ಭಾರತ ಮೀಟರ್ ಗೇಜಿಗೆ ಕೈಹಾಕಿದ್ದು ಸಹ ಖರ್ಚು ಉಳಿಸಲು. ಆದ್ದರಿಂದ ದೊಡ್ಡದು, ಚಿಕ್ಕದು ಎಂಬ ಗೆರೆಯನ್ನು ಗಾತ್ರದಿಂದ ಎಳೆಯಲಾಗದು. ಗುಡ್ಡ ಕಡಿಯಲು ಹಣವಿದ್ದವರು, ಇಲ್ಲದವರು ಎಂದು ಎಳೆಯಬೇಕು. ತೋಟದ ರೈಲಿನವರು ಎರಡನೆಯ ಗುಂಪಿನ ಕಟ್ಟಕಡೆಯವರು. ಅವರ ಪ್ರಮಾಣ, ಎಂಜಿನ್, ಬೋಗಿ ಎಲ್ಲವೂ ಬೆಟ್ಟದ ಹಾದಿಗಳಿಂದ ಬಂದದ್ದು ಕಾಕತಾಳೀಯವಲ್ಲ.

ಬಿಗಿ ತಿರುವು ಕಣ್ಣಿಗೆ ಹಿತವಲ್ಲ, ಆದಷ್ಟು ಅಗಲ ಮಾಡಿ ಎಂದು ಅನುಭವಸ್ಥರು ಹೇಳುತ್ತಾರೆ, ಅದೂ ನಿಜ. ಚಕ್ರಕಟ್ಟುಗಳ ನಡುವೆ 400 ಮಿ.ಮೀ. ದೂರವಿರುವ ಬೋಗಿ 600ರ ತಿರುವಿನಲ್ಲಿ ನಿಂತಾಗ ಅದರ ನಡುಭಾಗ ಹಳಿಯ ನಟ್ಟನಡುವಿನಿಂದ 34 ಮಿ.ಮೀ. ಒಳಕ್ಕೆ ಜಾರಿರುತ್ತದೆ. ಹಳಿಯ ಅಗಲವೇ 45. ಹೊರಗಿನಿಂದ ನೋಡಿದರೆ ಬೋಗಿ ಹಳಿಬಿಟ್ಟು ಗಾಳಿಯಲ್ಲಿ ನಿಂತಂತೆ. 1,200ರಲ್ಲಿ ಈ ಜಾರು 17ಕ್ಕೆ, ಆರ್5 ಎಂಬ 2,320ರ ತಿರುವಿನಲ್ಲಿ ಒಂಬತ್ತಕ್ಕೂ ಕಡಿಮೆಗೆ ಇಳಿಯುತ್ತದೆ. ಅಂಗಡಿಯ ತುಂಡುಗಳನ್ನು ಬಿಟ್ಟು ಉದ್ದದ ಹಳಿಯನ್ನು ತಾವೇ ಬಾಗಿಸಿಕೊಳ್ಳುವವರು ರೈಲ್ವೆ ಗ್ಯಾಂಗಿನವರ ಹಳೆಯ ಉಪಾಯವನ್ನೇ ಬಳಸುತ್ತಾರೆ. ಗ್ಯಾಂಗಿನಲ್ಲಿ 11.8 ಮೀಟರಿನ ದಾರವನ್ನು ಹಳಿಯ ಒಳಮೈಗೆ ಎರಡು ಕಡೆ ಒತ್ತಿಹಿಡಿದು ನಡುವಿನಲ್ಲಿ ಹಳಿಗೂ ದಾರಕ್ಕೂ ಎಷ್ಟು ಸೆಂಟಿಮೀಟರ್ ಎಂದು ಅಳೆದರೆ ಅದೇ ಡಿಗ್ರಿ. ತೋಟದಲ್ಲಿ ಒಂದು ಮೀಟರಿನ ದಾರ ಸಾಕು. ನಡುವಿನ ಅಂತರ 54 ಮಿ.ಮೀ. ಬಂದರೆ ತಿರುವು 2,320ರದು. ದಾರವನ್ನು ಮುಂದಕ್ಕೆ ಸರಿಸುತ್ತ ಹೋದಂತೆ ಆ ಅಂತರ ಸೊನ್ನೆಯಿಂದ ಮೆಲ್ಲಗೆ ಏರಿ 54ಕ್ಕೆ ನಿಂತರೆ, ಅಲ್ಲಿ ಫ್ರೂಡ್‌ರ ಜೋಡಣೆಯ ತಿರುವು ಸಿದ್ಧವಾಗಿದೆ ಎಂದರ್ಥ. ದೊಡ್ಡ ರೈಲಿನಲ್ಲಿ ಅದು ಪ್ರಯಾಣಿಕರನ್ನು ಹಠಾತ್ ಎಳೆತದಿಂದ ಕಾಯಲು ಬೇಕು. ತೋಟದಲ್ಲಿ ಆ ಎಳೆತ ನಗಣ್ಯವೆಂದು ಮೇಲೆ ಕಂಡೆವು. ಅಲ್ಲಿ ಅದರ ಕೆಲಸ ಬೇರೆ: ಮುಂದಿನ ಬೋಗಿ ತಿರುವಿಗೆ ಹೊಕ್ಕು ಹಿಂದಿನದು ಇನ್ನೂ ನೇರ ಹಳಿಯಲ್ಲಿರುವಾಗ ಕೊಂಡಿಗಳು ಒಂದಕ್ಕೊಂದು ಅಡ್ಡಡ್ಡ ಸರಿದು ಕಳಚಿಕೊಳ್ಳದಂತೆ ನೋಡಿಕೊಳ್ಳುವುದು.

2006ರಲ್ಲಿ ಲೇಮಾನ್ ಸಂಸ್ಥೆ ದಿವಾಳಿಯಾಯಿತು. ಮರುವರ್ಷ ಅದನ್ನು ಕೊಂಡವರು ಮಾರ್ಕ್ಲಿನ್‌ನವರು. ಲೈಪ್‌ಜಿಗ್ ಜಾತ್ರೆಯ ತುಂಡುಹಳಿಯೂ ನ್ಯೂರೆಂಬರ್ಗಿನ ಆರ್1 ತಿರುವೂ ಹೀಗೆ ಒಂದೇ ಮನೆಗೆ ಸೇರಿದವು. ಈಚಿನ ವರ್ಷಗಳಲ್ಲಿ ಎಲ್‌ಜಿಬಿಯ ಕೆಲವು ಬೋಗಿಗಳು ಮೂಲದ ಪೂರ್ಣ ಉದ್ದಕ್ಕೆ ಬೆಳೆದಿವೆ; ಅವುಗಳ ವಿವರದಲ್ಲಿ ಆರ್3, ಅಂದರೆ ಸುಮಾರು 1,200 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯ ತಿರುವು ಆಗದು ಎಂಬ ಸೂಚನೆ ಇರುತ್ತದೆ. ಹೊಸಬರಿಗೆಂದು ಮಾರುವ ಆರಂಭದ ಪೆಟ್ಟಿಗೆಯೊಳಗೆ ಮಾತ್ರ ಈಗಲೂ ಇರುವುದು ಆರ್1ರ ಹನ್ನೆರಡು ತುಂಡು, ಜೊತೆಗೊಂದು ಮೋಟು ಎಂಜಿನ್.